ಬೇಸಿಗೆಗೆ ಒಣಮೇವು: ಮಾಗಿಯಲ್ಲಿ ಬೆಳೆದು, ಒಣಗಿಸಿ, ರೋಲು ಕಟ್ಟಿಡುವ ಬಗೆ

ರಾಗಿ ಹುಲ್ಲನ್ನೋ ಭತ್ತದ ಹುಲ್ಲನ್ನೋ ಮೆದೆ ಹಾಕಿಟ್ಟುಕೊಂಡವರಿಗೆ ಬೇಸಿಗೆಯಲ್ಲಿ ಹಸುವಿನ ಹೊಟ್ಟೆ ತುಂಬಿಸುವ ಚಿಂತೆ ಇರುವುದಿಲ್ಲ. ಹಾಲು ಇಳಿಯುವ ಚಿಂತೆ ಮಾತ್ರ ತಪ್ಪುವುದಿಲ್ಲ. ಕಾಳು ಬಲಿತ ಮೇಲೆ ಉಳಿಯುವ ಹುಲ್ಲಿನಲ್ಲಿ ಪ್ರೋಟೀನು ಶೇ. 3–4ರಷ್ಟೇ. ಓಟ್ಸ್ ಮೇವನ್ನು ಹೂ ಬಿಡುವ ಹೊತ್ತಿಗೇ ಕೊಯ್ದು, ಹಸಿರು ಬಣ್ಣ ಉಳಿಯುವ ಹಾಗೆ ಒಣಗಿಸಿದರೆ ಶೇ. 8–10 ಇರುತ್ತದೆ. ಕುದುರೆ ಮಸಾಲೆ, ಅಂದರೆ ಲೂಸರ್ನ್ ಆದರೆ ಶೇ. 16–20. ಹಿಂಡಿಯ ಖರ್ಚು ಕಡಿಮೆಯಾಗುವುದು ಇಲ್ಲಿಯೇ.

ಬಯಲುಸೀಮೆಯಲ್ಲಿ ಒಂದಷ್ಟು ನೀರಾವರಿ ಇರುವ, ನಾಲ್ಕೈದು ಹಸು ಕಟ್ಟಿರುವ ಮನೆಯನ್ನು ಲೆಕ್ಕಕ್ಕೆ ಇಟ್ಟುಕೊಂಡು ಇದನ್ನು ಬರೆದಿದೆ. ಜಮೀನು ಒಂದು ಎಕರೆ ಸಾಕು.

ಕೊಯ್ಲಿನ ದಿನದಿಂದ ಹಿಂದಕ್ಕೆ ಎಣಿಸಿ

ಮೇವು ಬೆಳೆಯುವುದು ಕಷ್ಟದ ಕೆಲಸವಲ್ಲ, ಒಣಗಿಸುವುದು ಕಷ್ಟ. ಹಾಗಾಗಿ ಬಿತ್ತನೆಗೆ ಯಾವಾಗ ಅನುಕೂಲ ಎಂದು ನೋಡಬೇಡಿ. ಕೊಯ್ದ ಮೇಲೆ ನಾಲ್ಕು ದಿನ ಬಿಡದೆ ಬಿಸಿಲು ಸಿಗುವುದು ಯಾವಾಗ ಎಂದು ನೋಡಿ. ಮುಂಗಾರಿನಲ್ಲಿ ಬಿತ್ತಿದ ಮೇವಿನ ಜೋಳ ಆಗಸ್ಟ್–ಸೆಪ್ಟೆಂಬರಿನಲ್ಲಿ ಕೊಯ್ಲಿಗೆ ಬರುತ್ತದೆ. ಆಗ ಮೋಡ, ಜಡಿಮಳೆ. ಆ ಬೆಳೆಯನ್ನು ಹಸಿಯಾಗಿಯೇ ಹಾಕಿ, ಇಲ್ಲವೇ ಕತ್ತರಿಸಿ, ಗಾಳಿಯಾಡದಂತೆ ಅದುಮಿ ಹುಳಿಬರಿಸಿ ರಸಮೇವು (ಸೈಲೇಜ್) ಮಾಡಿ. ಒಣಗಿಸಲು ಹೊರಟರೆ ಕೈಗೆ ಸಿಗುವುದು ಕರಿಹುಲ್ಲು.

ದಕ್ಷಿಣ ಒಳನಾಡಿನಲ್ಲಿ ನವೆಂಬರ್, ಡಿಸೆಂಬರ್‌ನಲ್ಲೂ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮಳೆ ಬಂದುಹೋಗುತ್ತದೆ. ನಂಬಬಹುದಾದ ಬಿಸಿಲೆಂದರೆ ಜನವರಿ ಕೊನೆಯಿಂದ ಮಾರ್ಚ್ ನಡುವಿನದು. ಓಟ್ಸ್ ಹೂ ಬಿಡಲು 70–80 ದಿನ ಬೇಕು. ನವೆಂಬರ್ ಮೊದಲ ಎರಡು ವಾರದಲ್ಲಿ ಬಿತ್ತಿದರೆ ಜನವರಿ ಕೊನೆಯ ವಾರಕ್ಕೆ ಕುಡುಗೋಲು ಹಾಕಬಹುದು. ಡಿಸೆಂಬರ್ ದಾಟಿ ಬಿತ್ತಿದರೆ ಬಿಸಿಲೇರಿದಂತೆ ಬೇಗ ತೆನೆ ಹಾಯ್ದು, ಗಿಡ ಗಿಡ್ಡಾಗಿ, ಇಳುವರಿ ಕೈಕೊಡುತ್ತದೆ.

ಯಾವ ಬೆಳೆ

ಒಣಮೇವಿಗೆ ಸಣ್ಣ ದಂಟು, ಹೆಚ್ಚು ಎಲೆ ಇರುವ ಬೆಳೆ ಬೇಕು. ನೇಪಿಯರ್ ಮತ್ತು ಮುಸುಕಿನ ಜೋಳದ ದಂಟು ದಪ್ಪ. ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರು ನಿಂತಿರುತ್ತದೆ, ಕಟ್ಟಿದ ಮೂರನೇ ದಿನಕ್ಕೆ ಬಿಸಿಯೇಳುತ್ತದೆ. ಜೋಳದ ಕಣಿಕೆಯನ್ನು ಉತ್ತರ ಕರ್ನಾಟಕದಲ್ಲಿ ಮಾಡುವಂತೆ ಸಿವುಡು ಕಟ್ಟಿ ಬಣವೆ ಒಟ್ಟುವುದೇ ಸರಿ. ಸಿವುಡುಗಳ ನಡುವೆ ಗಾಳಿ ಆಡುತ್ತದೆ, ಬಿಗಿಯಾಗಿ ಸುರುಳಿ ಸುತ್ತಿದ ರೋಲಿನೊಳಗೆ ಆಡುವುದಿಲ್ಲ.

ಒಂದು ಬಾರಿ ಬಿತ್ತಿ ಮೂರ್ನಾಲ್ಕು ವರ್ಷ ಕೊಯ್ಯಬೇಕೆಂದರೆ ರೋಡ್ಸ್ ಹುಲ್ಲು ಇದೆ. ದಂಟು ತೆಳು, ಬೇಗ ಒಣಗುತ್ತದೆ. ಆದರೆ ಬೀಜ ಧೂಳಿನಷ್ಟು ಸಣ್ಣದಾದ್ದರಿಂದ ಮೊಳಕೆ ಬರಿಸುವುದು ಸೂಕ್ಷ್ಮದ ಕೆಲಸ. ಹೊಸಬರು ಓಟ್ಸ್‌ನಿಂದ ಶುರು ಮಾಡಿ, ಪಕ್ಕದಲ್ಲಿ ಹತ್ತು ಗುಂಟೆ ಕುದುರೆ ಮಸಾಲೆ ಹಾಕುವುದು ಒಳ್ಳೆಯದು.

ಶೇಂಗಾ ಬೆಳೆಯುವ ಚಳ್ಳಕೆರೆ, ಪಾವಗಡದ ಕಡೆಯವರಿಗೆ ಒಂದು ಮಾತು: ನಿಮ್ಮ ಹೊಲದ ಶೇಂಗಾ ಬಳ್ಳಿಯೇ ದ್ವಿದಳದ ಒಣಮೇವು. ಅದನ್ನು ಎಲೆ ಉದುರದಂತೆ ಒಣಗಿಸಿ ಕಟ್ಟಿಟ್ಟರೆ ಬೇರೆ ಬೀಜ ಕೊಳ್ಳುವ ಅಗತ್ಯವೇ ಬೀಳದು. ಕಾಯಿ ಬಿಡಿಸಿದ ಮೇಲೆ ಮಳೆಗೆ ಬಿಟ್ಟು ಕೊಳೆಸುವುದೇ ಹೆಚ್ಚು, ಅದು ಬೇರೆ ವಿಷಯ.

ಬಿತ್ತನೆ, ಗೊಬ್ಬರ, ನೀರು

ಓಟ್ಸ್‌ಗೆ ಕೆಂಟ್ ತಳಿ ಎಲ್ಲ ಕಡೆ ಹೊಂದಿಕೊಳ್ಳುತ್ತದೆ. ಎಕರೆಗೆ 40 ಕೆ.ಜಿ. ಬೀಜ. ಸಾಲಿನಿಂದ ಸಾಲಿಗೆ 9–10 ಅಂಗುಲ ಬಿಟ್ಟು, ಒಂದೂವರೆಯಿಂದ ಎರಡು ಅಂಗುಲ ಆಳಕ್ಕೆ ಕೂರಿಗೆಯಲ್ಲಿ ಬಿತ್ತಿ. ಎರಚಿ ಬಿತ್ತಿದರೆ ಮೊಳಕೆ ಏರುಪೇರಾಗಿ, ಒಂದು ಕಡೆ ಹೂವು ಬಂದಾಗ ಇನ್ನೊಂದು ಕಡೆ ಇನ್ನೂ ಎಳಸಾಗಿರುತ್ತದೆ. ಒಣಗುವುದೂ ಹಾಗೆಯೇ ಹೆಚ್ಚುಕಡಿಮೆಯಾಗುತ್ತದೆ.

ಕಲ್ಲು ಆರಿಸಿ, ಹೆಂಟೆ ಒಡೆದು, ಹಲಗೆ ಹೊಡೆದು ನೆಲ ಸಮ ಮಾಡುವುದನ್ನು ಬಿಡಬೇಡಿ. ಇದು ಬೆಳೆಗಿಂತ ಹೆಚ್ಚಾಗಿ, ಹುಲ್ಲನ್ನು ಬಾಚಿ ರೋಲು ಕಟ್ಟುವ ಬೇಲರ್ ಯಂತ್ರಕ್ಕಾಗಿ ಮಾಡುವ ಕೆಲಸ. ಬೇಲರ್‌ನ ಹಲ್ಲುಗಳು ನೆಲದಿಂದ ಅಂಗುಲದ ಮೇಲೆ ಬಾಚುತ್ತವೆ. ಉಬ್ಬಿದ ಬದು, ಹೆಂಟೆ ಇದ್ದಲ್ಲಿ ಮಣ್ಣೂ ರೋಲಿಗೆ ಸೇರುತ್ತದೆ.

ಎಕರೆಗೆ ಸುಮಾರು 4 ಟನ್ ಕೊಟ್ಟಿಗೆ ಗೊಬ್ಬರ, ಬಿತ್ತುವಾಗ 40 ಕೆ.ಜಿ. ಡಿಎಪಿ ಮತ್ತು 25 ಕೆ.ಜಿ. ಯೂರಿಯಾ, 25–30 ದಿನಕ್ಕೆ ಮತ್ತೆ 30 ಕೆ.ಜಿ. ಯೂರಿಯಾ. ಹಸಿರು ಚೆನ್ನಾಗಿ ಬರಲಿ ಎಂದು ಇನ್ನೊಂದು ಮೂಟೆ ಸುರಿಯಬೇಡಿ. ಬೆಳೆ ನೆಲಕ್ಕೆ ಮಲಗುತ್ತದೆ, ಮಲಗಿದ ಬೆಳೆಯ ಬುಡ ಕೊಳೆಯುತ್ತದೆ. ಜೊತೆಗೆ ನೀರು ಕಡಿಮೆಯಾಗಿ ಬೆಳೆ ಬಾಡಿದಾಗ ಹೆಚ್ಚಾದ ಸಾರಜನಕ ನೈಟ್ರೇಟ್ ಆಗಿ ದಂಟಿನಲ್ಲೇ ಉಳಿಯುತ್ತದೆ, ಅದು ಹಸುವಿಗೆ ವಿಷ. ಎಳೆ ಜೋಳದ ಸೈನೈಡ್ ವಿಷ ಒಣಗಿಸಿದರೆ ಬಹಳಷ್ಟು ಇಳಿಯುತ್ತದೆ, ನೈಟ್ರೇಟ್ ಇಳಿಯುವುದಿಲ್ಲ. ಬರಗೆಟ್ಟ ಬೆಳೆಯನ್ನು ಒಣಗಿಸಿದ್ದೇವೆಂದು ಧೈರ್ಯವಾಗಿ ಹಾಕುವಂತಿಲ್ಲ.

ಕೆಂಪು ಮಣ್ಣಿಗೆ 10–12 ದಿನಕ್ಕೊಮ್ಮೆ ನೀರು. ಕೊನೆಯ ನೀರನ್ನು ಕೊಯ್ಲಿಗೆ 8–10 ದಿನ ಮೊದಲೇ ನಿಲ್ಲಿಸಿ, ಏಕೆಂದರೆ ಕೊಯ್ದ ಹುಲ್ಲು ಬಿದ್ದಿರುವುದು ಅದೇ ನೆಲದ ಮೇಲೆ. ನೆಲ ಹಸಿಯಿದ್ದರೆ ಮೇಲಿನಿಂದ ಬಿಸಿಲು ಒಣಗಿಸಿದಷ್ಟನ್ನು ಕೆಳಗಿನಿಂದ ಮಣ್ಣು ತುಂಬಿಕೊಡುತ್ತದೆ. ಕೊಯ್ಲಿಗೆ ಮುಂಚೆ ಹೊಲದಲ್ಲಿ ಒಂದು ಸುತ್ತು ಹೋಗಿ ಪಾರ್ಥೇನಿಯಂ ಇದ್ದರೆ ಕಿತ್ತುಹಾಕಿ. ಒಣಗಿದ ಮೇಲೆ ಆರಿಸಲು ಆಗುವುದಿಲ್ಲ.

ಕುದುರೆ ಮಸಾಲೆಗೆ ಎಕರೆಗೆ 8–10 ಕೆ.ಜಿ. ಬೀಜ ಬೇಕು, ಹತ್ತು ಗುಂಟೆಗೆ ಎರಡೂವರೆ ಕೆ.ಜಿ. ಅಕ್ಟೋಬರ್–ನವೆಂಬರಿನಲ್ಲಿ, ಬೇರಿನಲ್ಲಿ ಸಾರಜನಕ ಹಿಡಿದಿಡುವ ರೈಜೋಬಿಯಂ ಸೂಕ್ಷ್ಮಜೀವಿಯನ್ನು ಬೀಜಕ್ಕೆ ಲೇಪಿಸಿ, ಅರ್ಧ ಅಂಗುಲಕ್ಕಿಂತ ಆಳ ಹೋಗದಂತೆ ಬಿತ್ತಬೇಕು. ಮೊದಲ ಕೊಯ್ಲು 55–60 ದಿನಕ್ಕೆ, ಆಮೇಲೆ 25–30 ದಿನಕ್ಕೊಂದು. ನೀರು ನಿಲ್ಲುವ ಜಾಗ ಆಗದು. ಎಲೆಯಿಲ್ಲದ ಹಳದಿ ದಾರದಂಥ ಬಳ್ಳಿ ಗಿಡಕ್ಕೆ ಸುತ್ತಿಕೊಂಡಿದ್ದು ಕಂಡರೆ, ಅದು ಕಸ್ಕ್ಯೂಟಾ. ಬೀಜದ ಜೊತೆಗೇ ಬರುವ ಕಳೆ. ಆ ಜಾಗದ ಗಿಡಗಳನ್ನು ಸುತ್ತ ಒಂದಡಿ ಸೇರಿಸಿ ಕೊಯ್ದು ಅಲ್ಲೇ ಸುಡಿ, ಎಳೆದುಕೊಂಡು ಹೋದರೆ ತುಂಡು ಬಿದ್ದಲ್ಲೆಲ್ಲ ಹಬ್ಬುತ್ತದೆ.

ಕೊಯ್ಲು

ಓಟ್ಸ್‌ನಲ್ಲಿ ಅರ್ಧದಷ್ಟು ಗಿಡಕ್ಕೆ ತೆನೆ ಹೊರಬಂದು ಹೂವಾದಾಗ ಕೊಯ್ಯಬೇಕು. ಇನ್ನು ಹತ್ತು ದಿನ ಬಿಟ್ಟರೆ ತೂಕ ಹೆಚ್ಚುತ್ತದೆ, ದಂಟು ಗಟ್ಟಿಯಾಗಿ ಪ್ರೋಟೀನು ಇಳಿಯುತ್ತದೆ. ಹಾಲುಗಾಳಿನ ಹಂತದವರೆಗೆ ಬಿಡಬಹುದು, ಅದರಾಚೆ ಬೇಡ. ಕುದುರೆ ಮಸಾಲೆಯಲ್ಲಿ ಹತ್ತು ಗಿಡಕ್ಕೆ ಒಂದರಂತೆ ನೇರಳೆ ಹೂವು ಕಂಡ ದಿನವೇ ಸರಿಯಾದ ದಿನ.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಒಂಬತ್ತೂವರೆ ಹತ್ತರ ಹೊತ್ತಿಗೆ ಕೊಯ್ಯಿ. ಕುಡುಗೋಲಾಗಲಿ, ಬ್ರಷ್ ಕಟರ್ ಆಗಲಿ, ಟ್ರ್ಯಾಕ್ಟರಿನ ರೀಪರ್ ಆಗಲಿ, ಮೂರು ಅಂಗುಲ ಕೂಳೆ ಬಿಡಿ. ಕೊಯ್ದ ಹುಲ್ಲು ಕೂಳೆಯ ಮೇಲೆ ಕೂತರೆ ಅಡಿಯಿಂದಲೂ ಗಾಳಿ ಹಾಯುತ್ತದೆ. ಎಲ್ಲ ಒಂದೇ ದಿನ ಕೊಯ್ದು ಹಾಕಬೇಡಿ. ತಿರುವಿಹಾಕಲು ಎಷ್ಟು ಕೈ ಇದೆಯೋ ಅಷ್ಟೇ ಕೊಯ್ಯಿ. ಇಬ್ಬರಿದ್ದರೆ ದಿನಕ್ಕೆ ಹತ್ತು ಗುಂಟೆ ಹಿತವಾಗಿ ಆಗುತ್ತದೆ.

ಒಣಗಿಸುವುದು

ಕೊಯ್ದಾಗ ಮೇವಿನಲ್ಲಿ ಶೇ. 75–80 ನೀರು. ಕಟ್ಟುವಾಗ ಶೇ. 15ರ ಆಸುಪಾಸಿಗೆ ಇಳಿದಿರಬೇಕು, ಶೇ. 18 ಮೀರಲೇಬಾರದು. ಈ ನೀರು ಬೇಗ ಹೋಗಬೇಕು, ಎಲೆ ಉಳಿಯಬೇಕು. ಇವೆರಡೂ ಒಂದಕ್ಕೊಂದು ಜಗ್ಗಾಡುತ್ತವೆ.

ಮೊದಲ ದಿನ ಹುಲ್ಲನ್ನು ನಾಲ್ಕಂಗುಲಕ್ಕಿಂತ ದಪ್ಪವಾಗದಂತೆ ಹರಡಿ. ಮೂರ್ನಾಲ್ಕು ಗಂಟೆಯ ನಂತರ ಕವೆಗೋಲಿನಿಂದ ಒಮ್ಮೆ ಮಗುಚಿ. ಈ ದಿನ ಗಿಡ ಇನ್ನೂ ಮೆತ್ತಗಿರುವುದರಿಂದ ಎಷ್ಟು ಒರಟಾಗಿ ತಿರುವಿದರೂ ಎಲೆ ಉದುರುವುದಿಲ್ಲ. ಮಗುಚುವ ಕೆಲಸದ ಹೆಚ್ಚಿನ ಪಾಲನ್ನು ಇಂದೇ ಮುಗಿಸಿ. ಸಂಜೆ ಐದಕ್ಕೆ ಮೊಣಕಾಲೆತ್ತರದ ಸಣ್ಣ ಗುಡ್ಡೆಗಳಾಗಿ ಎಳೆದುಬಿಡಿ. ಜನವರಿಯ ಮಂಜು ಗುಡ್ಡೆಯ ಮೇಲ್ಪದರವನ್ನಷ್ಟೇ ನೆನೆಸುತ್ತದೆ. ಹರಡಿದ್ದಲ್ಲೇ ಬಿಟ್ಟರೆ ಪೂರ್ತಿ ನೆನೆದು ಮಾರನೇ ದಿನದ ಅರ್ಧ ಬಿಸಿಲು ಆ ಮಂಜಿಗೇ ಖರ್ಚಾಗುತ್ತದೆ.

ಎರಡನೇ ದಿನ ಮಂಜು ಆರಿದ ಮೇಲೆ ಗುಡ್ಡೆ ಬಿಚ್ಚಿ ಹರಡಿ, ಮಧ್ಯಾಹ್ನದೊಳಗೆ ಒಮ್ಮೆ ತಿರುವಿ. ಮೂರನೇ ದಿನ ಹಲ್ಲುಕುಂಟೆಯಿಂದ ಉದ್ದನೆಯ ಸಾಲುಗಳಾಗಿ ಎಳೆಯಿರಿ. ಇನ್ನು ಮೇಲೆ ಹರಡಿದರೆ ಬಿಸಿಲಿಗೆ ಬಣ್ಣ ಹಾರಿ, ಎ ಜೀವಸತ್ವಕ್ಕೆ ಮೂಲವಾದ ಕ್ಯಾರೋಟಿನ್ ನಾಶವಾಗುತ್ತದೆ. ಸಾಲಿನಲ್ಲಿ ಗಾಳಿಗೆ ಒಣಗಿದ್ದು ಒಳಗೆ ಹಸಿರಾಗಿಯೇ ಉಳಿಯುತ್ತದೆ. ಮೂರನೇ ದಿನ ಸಂಜೆಯೋ ನಾಲ್ಕನೇ ದಿನವೋ ಕಟ್ಟಲು ಸಿದ್ಧ.

ಕುದುರೆ ಮಸಾಲೆಗೆ ಈ ಕ್ರಮ ನಡೆಯದು. ಎಲೆ ಒಂದೂವರೆ ದಿನಕ್ಕೇ ಗರಿಗರಿಯಾಗುತ್ತದೆ, ದಂಟು ಇನ್ನೂ ಹಸಿ. ಆಗ ಮಧ್ಯಾಹ್ನದ ಬಿಸಿಲಿನಲ್ಲಿ ಕೈಹಾಕಿದರೆ ಎಲೆಯೆಲ್ಲ ನೆಲಕ್ಕೆ. ಪ್ರೋಟೀನಿನ ಬಹುಪಾಲು ಎಲೆಯಲ್ಲೇ ಇರುವುದರಿಂದ ಮನೆಗೆ ಬರುವುದು ಬರೀ ಕಡ್ಡಿ. ಎರಡನೇ ದಿನದಿಂದ ಅದನ್ನು ಮುಟ್ಟುವುದು ಬೆಳಿಗ್ಗೆ ಮಂಜಿನ ತೇವ ಆರುತ್ತಿರುವ ಹೊತ್ತಿನಲ್ಲಿ ಮಾತ್ರ. ಕಡಿಮೆ ಜಾಗದಲ್ಲಿ ಬೆಳೆದಿದ್ದರೆ ಇನ್ನೂ ಒಳ್ಳೆಯ ದಾರಿ ಮುಕ್ಕಾಲಿ: ಆರಡಿಯ ಮೂರು ಗಳುಗಳನ್ನು ತುದಿಯಲ್ಲಿ ಕಟ್ಟಿ ನಿಲ್ಲಿಸಿ, ನೆಲದಿಂದ ಒಂದೂವರೆ ಅಡಿ ಮೇಲೆ ಅಡ್ಡಕ್ಕೆ ಗಳುಗಳನ್ನು ಕಟ್ಟಿ, ಒಂದು ದಿನ ಬಾಡಿದ ಸೊಪ್ಪನ್ನು ಅದರ ಮೇಲೆ ಹೇರಿ. ಮತ್ತೆ ಮಗುಚುವ ಕೆಲಸವಿಲ್ಲ. ಐದಾರು ದಿನಕ್ಕೆ ಒಣಗುತ್ತದೆ, ಎಲೆ ಉದುರಿದರೂ ಕೆಳಗೆ ಹಾಸಿದ ಟಾರ್ಪಾಲಿನ ಮೇಲೆ ಬೀಳುತ್ತದೆ.

ನಡುವೆ ಮಳೆ ಬಂದರೆ? ಕೊಯ್ದ ದಿನವೇ ಹನಿದರೆ ಅಷ್ಟು ನಷ್ಟವಿಲ್ಲ, ಹಸಿ ಗಿಡ ತನ್ನ ಸತ್ವವನ್ನು ಹಿಡಿದಿಟ್ಟುಕೊಂಡಿರುತ್ತದೆ. ಮೂರನೇ ದಿನದ ಮಳೆ ಕೆಟ್ಟದ್ದು: ಒಣಗಿದ ಎಲೆಯ ಸಕ್ಕರೆ, ಲವಣ ತೊಳೆದುಹೋಗುತ್ತವೆ, ಎಲೆಯೂ ಉದುರುತ್ತದೆ. ಮೋಡ ಕಂಡ ಕೂಡಲೇ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿ, ಮಳೆ ನಿಂತ ಕೂಡಲೇ ತೆಗೆಯಿರಿ. ಎರಡು ದಿನದ ಮಳೆಯ ಮುನ್ಸೂಚನೆ ಇದ್ದರೆ ಕೊಯ್ಲನ್ನೇ ಮುಂದೂಡಿ.

ಒಣಗಿದೆಯೇ ಎಂದು ತಿಳಿಯುವುದು

ಎಲೆ ಮುಟ್ಟಿ ನಿರ್ಧರಿಸಿದವರೇ ಹೆಚ್ಚಾಗಿ ಬೂಷ್ಟು ಹಿಡಿಸಿಕೊಳ್ಳುವುದು. ಕೊನೆಗೆ ಒಣಗುವುದು ಗೆಣ್ಣು. ಸಾಲಿನ ಅಡಿಯಿಂದ ಒಂದು ಹಿಡಿ ತೆಗೆದು ಹಗ್ಗದಂತೆ ಬಲವಾಗಿ ತಿರುಚಿ: ದಂಟು ಸೀಳಿ ಮುರಿಯಬೇಕು, ತಿರುಚಿದಲ್ಲಿ ತೇವ ಒಸರಬಾರದು. ಇನ್ನೊಂದು ದಂಟಿನ ಗೆಣ್ಣಿನ ಹತ್ತಿರ ಉಗುರಿನಿಂದ ಕೆರೆಯಿರಿ: ಸಿಪ್ಪೆ ಹಸಿಯಾಗಿ ಸುಲಿದು ಬಂದರೆ ಇನ್ನೊಂದು ದಿನ ಬೇಕು.

ಅನುಮಾನವಿದ್ದರೆ ಉಪ್ಪಿನ ಪರೀಕ್ಷೆ. ಒಣಗಿದ ಗಾಜಿನ ಬಾಟಲಿಯಲ್ಲಿ ಎರಡು ಚಮಚ ಒಣ ಪುಡಿ ಉಪ್ಪು ಹಾಕಿ, ಸಣ್ಣಗೆ ಕತ್ತರಿಸಿದ ಹುಲ್ಲನ್ನು ಮುಕ್ಕಾಲು ತುಂಬಿ, ಮುಚ್ಚಳ ಬಿಗಿದು ಎರಡು ನಿಮಿಷ ಕುಲುಕಿ. ಉಪ್ಪು ಬಿಡಿಬಿಡಿಯಾಗಿ ತಳಕ್ಕೆ ಉದುರಿದರೆ ಕಟ್ಟಬಹುದು. ಗಂಟು ಕಟ್ಟಿದರೆ, ಗಾಜಿಗೆ ಅಂಟಿದರೆ ತೇವ ಇನ್ನೂ ಹೆಚ್ಚಿದೆ. ನಾಲ್ಕು ಕಡೆಯ ಹುಲ್ಲು ತೆಗೆದು ಮಾಡಿ. ಮರದ ನೆರಳಿನ ಮೂಲೆ ಯಾವಾಗಲೂ ಹಿಂದೆ ಉಳಿದಿರುತ್ತದೆ.

ಹಸಿಯಾಗಿ ಕಟ್ಟಿ ಮೇಲೆ ಉಪ್ಪು ಎರಚಿದರೆ ಕೆಡುವುದಿಲ್ಲ ಎಂಬ ಮಾತನ್ನು ನಂಬಬೇಡಿ.

ರೋಲು ಕಟ್ಟುವುದು

ಒಂದೆರಡು ಎಕರೆಗೆ ಬೇಲರ್ ಕೊಳ್ಳುವುದು ಲೆಕ್ಕಕ್ಕೆ ಬಾರದು. ಕೃಷಿ ಯಂತ್ರಧಾರೆ ಕೇಂದ್ರದಲ್ಲೋ ಭತ್ತದ ಹುಲ್ಲು ಕಟ್ಟಲು ಊರೂರು ಸುತ್ತುವ ಟ್ರ್ಯಾಕ್ಟರಿನವರಲ್ಲೋ ಬಾಡಿಗೆಗೆ ಸಿಗುತ್ತದೆ. ಜನವರಿಯಲ್ಲಿ ಅವರಿಗೆ ಭತ್ತದ ಸುಗ್ಗಿ, ಆದ್ದರಿಂದ ಕೊಯ್ಯುವ ಮೊದಲೇ ದಿನ ಗೊತ್ತು ಮಾಡಿಕೊಳ್ಳಿ. ಸಾಮಾನ್ಯವಾಗಿ ಬರುವುದು 35 ಎಚ್‌ಪಿ ಮೇಲಿನ ಟ್ರ್ಯಾಕ್ಟರಿಗೆ ಹೂಡುವ ಸಣ್ಣ ರೌಂಡ್ ಬೇಲರ್. ರೋಲು ಸುಮಾರು ಎರಡಡಿ ಅಡ್ಡಳತೆ, ಮೂರಡಿ ಚಿಲ್ಲರೆ ಉದ್ದ, ತೂಕ 18–25 ಕೆ.ಜಿ.

ಸಾಲು ಯಂತ್ರದ ಬಾಯಿಯಷ್ಟೇ ಅಗಲ, ಸಮನಾದ ದಪ್ಪ ಇರಬೇಕು. ಸಾಲು ತೆಳುವಾಗಿ ನಡುವೆ ಮಾತ್ರ ಹುಲ್ಲು ಹೋದರೆ ರೋಲು ಪೀಪಾಯಿಯಂತೆ ಹೊಟ್ಟೆ ಉಬ್ಬಿ ಅಂಚು ಸಡಿಲವಾಗುತ್ತದೆ. ಸಾಲು ಕಿರಿದಾಗಿದ್ದರೆ ಚಾಲಕ ಸ್ವಲ್ಪ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಡಿಸಿ ಎರಡೂ ಅಂಚು ತುಂಬಬೇಕು. ಪಿಟಿಒ, ಅಂದರೆ ಟ್ರ್ಯಾಕ್ಟರಿನಿಂದ ಬೇಲರಿಗೆ ಶಕ್ತಿ ಕೊಡುವ ತಿರುಗುವ ದಂಡ, ನಿಮಿಷಕ್ಕೆ 540 ಸುತ್ತು ತಿರುಗಲಿ; ಟ್ರ್ಯಾಕ್ಟರು ನಡಿಗೆಯ ವೇಗದಲ್ಲಿ ಹೋಗಲಿ. ಬೇಗ ಮುಗಿಸಲು ಓಡಿಸಿದರೆ ಸಡಿಲ ರೋಲು ಬರುತ್ತದೆ, ಎತ್ತುವಾಗಲೇ ಬಿಚ್ಚಿಕೊಳ್ಳುತ್ತದೆ. ಕುದುರೆ ಮಸಾಲೆಯನ್ನು ಬೆಳಿಗ್ಗೆ ಎಲೆ ಸ್ವಲ್ಪ ಮೆತ್ತಗಿರುವಾಗಲೇ ಕಟ್ಟಿಸಿ.

ದಾರದ ವಿಷಯದಲ್ಲಿ ಬಾಡಿಗೆಯವರು ಉಳಿಸಲು ನೋಡುತ್ತಾರೆ. ಎರಡಡಿ ರೋಲಿಗೆ ಒಂದು ಸುತ್ತಿಗೆ ಆರೂಕಾಲು ಅಡಿ ದಾರ ಬೇಕು. ಎಂಟು ಸುತ್ತಾದರೂ ಹಾಕಿಸಿ, ಅಂದರೆ ರೋಲಿಗೆ 50 ಅಡಿ. ಸೆಣಬಿನ ದಾರವೇ ಇರಲಿ. ಪ್ಲಾಸ್ಟಿಕ್ ದಾರದ ತುಂಡು ಹಸುವಿನ ಹೊಟ್ಟೆ ಸೇರಿದರೆ ಕರಗುವುದಿಲ್ಲ. ದಾರ ಸುತ್ತದೆ ಬಿಟ್ಟುಹೋದರೆ ಮೊದಲು ನೋಡಬೇಕಾದದ್ದು ದಾರ ಕತ್ತರಿಸುವ ಅಲಗು ಮೊಂಡಾಗಿದೆಯೇ, ದಾರದ ತುದಿ ಸಾಕಷ್ಟು ಉದ್ದ ಹೊರಗಿದೆಯೇ ಎಂಬುದನ್ನು. ಬಾಯಿಯಲ್ಲಿ ಹುಲ್ಲು ಸಿಕ್ಕಿಕೊಂಡರೆ ಎಂಜಿನ್ ಆಫ್ ಮಾಡಿ, ಕೀಲಿ ಕೈಗೆ ತೆಗೆದುಕೊಂಡ ಮೇಲೆಯೇ ಕೈ ಹಾಕುವುದು. ಪಿಟಿಒ ತಿರುಗುತ್ತಿರುವಾಗ ಕಾಲಿನಿಂದ ಒದ್ದು ಬಿಡಿಸುವ ಅಭ್ಯಾಸ ಬಹಳ ಕಡೆ ಇದೆ. ಕಾಲು ಹೋಗುವುದು ಹಾಗೆಯೇ.

ಯಂತ್ರ ಸಿಗದಿದ್ದರೆ ಮರದ ಪೆಟ್ಟಿಗೆ ಸಾಕು. ಒಳ ಅಳತೆ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರ. ಮೇಲೆ ತೆರೆದಿರಲಿ, ಉದ್ದನೆಯ ಒಂದು ಪಕ್ಕ ಬಾಗಿಲಿನಂತೆ ತೆರೆಯಬೇಕು. ಎರಡೂ ತುದಿಯ ಹಲಗೆಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಎರಡೆರಡು ಸೀಳು ಬಿಡಿ. ಹನ್ನೆರಡು ಅಡಿಯ ಎರಡು ಸುತಳಿಗಳನ್ನು ಆ ಸೀಳುಗಳ ಮೂಲಕ ತಳದಲ್ಲಿ ಹಾಸಿ ತುದಿಗಳನ್ನು ಹೊರಗೆ ಬಿಟ್ಟುಕೊಳ್ಳಿ. ಅರ್ಧರ್ಧ ಅಡಿ ಹುಲ್ಲು ಹಾಕುತ್ತ, ಮೂಲೆಗಳನ್ನು ಮೊದಲು, ನಡುವನ್ನು ಆಮೇಲೆ ತುಳಿಯಿರಿ. ತುಂಬಿದ ಮೇಲೆ ಹಲಗೆ ಇಟ್ಟು ಒಬ್ಬರು ಅದರ ಮೇಲೆ ನಿಂತು ಅದುಮಿರುವಾಗ ಇನ್ನೊಬ್ಬರು ಸುತಳಿ ಬಿಗಿಯಬೇಕು. ಗಟ್ಟಿಯಾಗಿ ತುಳಿದಿದ್ದರೆ ಒಂದು ಪಿಂಡಿ 15 ಕೆ.ಜಿ. ಹತ್ತಿರ ತೂಗುತ್ತದೆ.

ಎಷ್ಟು ಸಿಗುತ್ತದೆ? ಎಕರೆಗೆ 12 ಟನ್ ಹಸಿ ಓಟ್ಸ್ ಬಂದರೆ, ಶೇ. 80 ನೀರು ಕಳೆದು ಒಣ ಅಂಶ 2.4 ಟನ್. ಶೇ. 15 ತೇವದ ಒಣಮೇವಾಗಿ 2.8 ಟನ್ ಆಗಬೇಕು. ಉದುರಿದ್ದು, ಬಾಚದೆ ಉಳಿದದ್ದು ಕಳೆದರೆ ಮನೆಗೆ ಬರುವುದು 2.3 ಟನ್, ಸುಮಾರು 115 ರೋಲು. ಹಸುವಿಗೆ ದಿನಕ್ಕೆ 5 ಕೆ.ಜಿ.ಯಂತೆ ಮಾರ್ಚ್‌ನಿಂದ ಮೇ ತಿಂಗಳವರೆಗಿನ 90 ದಿನಕ್ಕೆ 450 ಕೆ.ಜಿ. ಐದು ಹಸುವಿಗೆ ಸರಿಹೋಯಿತು.

ಒಟ್ಟಿಡುವುದು

ಅಷ್ಟು ರೋಲಿಗೆ 10×16 ಅಡಿ ಜಾಗ, ಹತ್ತಡಿ ಎತ್ತರ ಬೇಕು. ತಗಡಿನ ಸೂರು ಇದ್ದು, ಮಳೆ ಬಡಿಯುವ ದಿಕ್ಕನ್ನು ಬಿಟ್ಟು ಉಳಿದ ಕಡೆ ತೆರೆದಿದ್ದರೆ ಉತ್ತಮ. ನೆಲಕ್ಕೆ ನೇರವಾಗಿ ಇಡಬೇಡಿ. ಕಲ್ಲಿನ ಮೇಲೆ ಅಡಿಕೆ ದಬ್ಬೆಯನ್ನೋ ಹಳೆಯ ಗಳುಗಳನ್ನೋ ಹಾಸಿ ಅರ್ಧ ಅಡಿ ಎತ್ತರಿಸಿ, ಗೋಡೆಯಿಂದಲೂ ಒಂದಡಿ ಬಿಡಿ. ಬಯಲಲ್ಲಿ ಇಡುವುದಾದರೆ ಟಾರ್ಪಾಲನ್ನು ಮೇಲಕ್ಕೆ ಮಾತ್ರ ಹೊದಿಸಿ, ಪಕ್ಕಗಳನ್ನು ಬಿಡಿ. ಸುತ್ತ ಪಾಲಿಥೀನ್ ಬಿಗಿದರೆ ಒಳಗೇ ಬೆವತು ಮೇಲಿನ ಎರಡು ಸಾಲು ಕೊಳೆಯುತ್ತವೆ.

ಕಟ್ಟಿದ ಮೊದಲ ಮೂರು ವಾರ ಕಣ್ಣಿಡಬೇಕಾದ ಕಾಲ. ತೇವ ಉಳಿದಿದ್ದರೆ ಸೂಕ್ಷ್ಮಜೀವಿಗಳು ಬೆಳೆದು ಶಾಖ ಹುಟ್ಟುತ್ತದೆ, ಒಟ್ಟಿದ ರಾಶಿಯಿಂದ ಆ ಶಾಖ ಹೊರಹೋಗುವುದಿಲ್ಲ. ಒಂದು ಉದ್ದನೆಯ ಕಬ್ಬಿಣದ ಸರಳನ್ನು ರಾಶಿಯ ನಡುವಿಗೆ ತಿವಿದು, ಕಾಲು ಗಂಟೆ ಬಿಟ್ಟು ತೆಗೆದು ಹಿಡಿದು ನೋಡಿ. ಬೆಚ್ಚಗಿದ್ದರೆ ರೋಲುಗಳನ್ನು ಬಿಡಿಸಿ ಗಾಳಿಗೆ ಹಾಕಿ. ಹಿಡಿಯಲಾಗದಷ್ಟು ಸುಟ್ಟರೆ, ಕರಕಲು ಬೆಲ್ಲದಂಥ ವಾಸನೆ ಬಂದರೆ, ಒಬ್ಬರೇ ಬಿಚ್ಚಲು ಹೋಗಬೇಡಿ: ಒಳಗೆ ಹೊಸ ಗಾಳಿ ಸಿಕ್ಕೊಡನೆ ಬೆಂಕಿ ಏಳಬಹುದು. ಅಗ್ನಿಶಾಮಕದವರಿಗೆ ತಿಳಿಸಿ, ನೀರು ಸಿದ್ಧವಾದ ಮೇಲೆಯೇ ಬಿಚ್ಚುವುದು. ರಾಶಿಯ ಮೇಲಂತೂ ಹತ್ತಬೇಡಿ. ಹುಲ್ಲು ಒಟ್ಟಿದ ಸೂರು ಮನೆಯಿಂದಲೂ ಕೊಟ್ಟಿಗೆಯಿಂದಲೂ 50 ಅಡಿಯಾದರೂ ದೂರವಿರಲಿ, ಅದರೊಳಗೆ ಕರೆಂಟಿನ ವೈರು ಬೇಡ.

ಹಾಕುವಾಗ

ಮೊದಲ ದಿನವೇ ಐದು ಕೆ.ಜಿ. ಹಾಕದೆ ಒಂದು ವಾರದಲ್ಲಿ ಏರಿಸುತ್ತ ಬನ್ನಿ. ರೋಲಿನ ದಾರವನ್ನು ಕೊಟ್ಟಿಗೆಯ ಹೊರಗೇ ಕತ್ತರಿಸಿ, ಎಣಿಸಿ, ಒಂದು ಮೊಳೆಗೆ ನೇತುಹಾಕಿ. ಚಾಫ್ ಕಟರಿನಲ್ಲಿ ಅಂಗುಲದ ತುಂಡು ಮಾಡಿದರೆ ಗೋದಲಿಯಲ್ಲಿ ಉಳಿಯುವ ಕಡ್ಡಿ ಬಹಳ ಕಡಿಮೆ. ಹಸಿ ಕುದುರೆ ಮಸಾಲೆ ಹೆಚ್ಚು ತಿಂದರೆ ಹೊಟ್ಟೆಯುಬ್ಬರ ಬರುತ್ತದೆ. ಒಣಗಿದ್ದರಲ್ಲಿ ಆ ಅಪಾಯ ಬಲು ಕಡಿಮೆ. ಅದನ್ನು ಕರೆಯುವ ಹಸುವಿಗೆ ಒಂದೂವರೆ ಎರಡು ಕೆ.ಜಿ., ಆಡಿಗೆ 300–500 ಗ್ರಾಂ ಲೆಕ್ಕದಲ್ಲಿ ಕೊಟ್ಟು, ಹಿಂಡಿಯನ್ನು ಹಾಲು ನೋಡಿಕೊಂಡು ನಿಧಾನವಾಗಿ ತಗ್ಗಿಸಿ.

ರೋಲು ಬಿಚ್ಚಿದಾಗ ಬಿಳಿ ಧೂಳು ಹಾರಿದರೆ, ಮುಗ್ಗಲು ವಾಸನೆ ಹೊಡೆದರೆ ಅದು ಬೂಷ್ಟು. ಕೆಟ್ಟ ಭಾಗ ತೆಗೆದು ಉಳಿದದ್ದನ್ನು ಹಾಕುವ ಆಸೆ ಬೇಡ, ಕಣ್ಣಿಗೆ ಕಾಣದಲ್ಲೂ ಹಬ್ಬಿರುತ್ತದೆ. ಗಬ್ಬದ ಹಸುವಿಗೆ ಅದು ಇನ್ನೂ ಅಪಾಯ, ಆ ಧೂಳು ಮನುಷ್ಯರ ಶ್ವಾಸಕೋಶಕ್ಕೂ ಕೆಟ್ಟದ್ದು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಇಡೀ ರೋಲನ್ನು ತಿಪ್ಪೆಗೆ ಹಾಕಿ, ಅದೇ ಸಾಲಿನ ಅಕ್ಕಪಕ್ಕದ ರೋಲುಗಳನ್ನು ಅಂದೇ ಬಿಚ್ಚಿ ನೋಡಿ.